ಫಾರಿನ್ ಹತ್ತಿ

ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಬೆಳಗ್ಗೆ ಎಂಟಕ್ಕೆ ಕಲ್ಲು ಕೊರೆಯುವ ಯಂತ್ರ ಶುರುವಾಯಿತೆಂದರೆ ನನ್ನ ಹಲ್ಲಿನ ಸೆಟ್ಟೂ ಅದರ ಜೊತೆ ತಾಳ ಹಾಕುತ್ತದೆ. ಮೊನ್ನೆ ತಡೆಯಲಾರದೆ ಮೆಡಿಕಲ್ ಶಾಪಿಗೆ ಹೋಗಿ, “ಕಿವಿಗೆ ಹಾಕ್ಕೊಳೋದು ಏನಾದ್ರೂ ಇದೆಯೇನಮ್ಮ?” ಎಂದು ಕೇಳಿದೆ.

“ಡ್ರಾಪ್ಸಾ ಅಂಕಲ್?”

“ಅಲ್ಲಮ್ಮ, ಕೇಳಿಸದ ಹಾಗೆ ಮಾಡೋದು.”

ಅಂಗಡಿಯಾಕೆಗೆ ನಗು ತಡೆಯಲಾಗಲಿಲ್ಲ. “ನಿಮ್ಮ ವಯಸ್ಸಿನೋರೆಲ್ಲ ಕೇಳಿಸೋ ಹಾಗೆ ಮಾಡೋದು ಕೇಳ್ತಾರೆ, ನೀವು ಉಲ್ಟಾ” ಎನ್ನುತ್ತಾ ಒಂದು ಪುಟ್ಟ ಡಬ್ಬಿ ಕೊಟ್ಟಳು. ಒಳಗೆ ಹಳದಿ ಸ್ಪಂಜಿನ ಎರಡು ಬಿರಡೆ. ಮನೆಗೆ ಬಂದು ಅವನ್ನು ಬೆರಳಲ್ಲಿ ಹೊಸೆದು ಕಿವಿಗೆ ತುರುಕಿಕೊಂಡೆ. ಯಂತ್ರದ ಸದ್ದು ದೂರ ದೂರ ಹೋಯಿತು. ಆದರೆ ನೋಡಿ, ಅದು ಹೋದ ಜಾಗದಲ್ಲಿ ನಿಶ್ಶಬ್ದ ಬರಲಿಲ್ಲ. ಮುನಿಯಪ್ಪನವರ ಮಿಲ್ಲಿನ ಸದ್ದು ಬಂತು.

ಆಗಿನ ಜಯನಗರ ಎಷ್ಟು ಶಾಂತವಾಗಿತ್ತು ಗೊತ್ತಾ ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಯಾರೂ ಹಿಟ್ಟಿನ ಮಿಲ್ಲಿನ ಮೇಲೆ ಬಾಡಿಗೆಗೆ ಇದ್ದವರಲ್ಲ. ನಾವು ಇದ್ದೆವು. ಮುನಿಯಪ್ಪನವರು ಯಡಿಯೂರಿನ ಹಳೇ ಒಕ್ಕಲು. ಅವರ ರಾಗಿ ಹೊಲವೆಲ್ಲ ಬಡಾವಣೆಯಾಗಿ, ಅದರಲ್ಲೊಂದು ಮೂಲೆ ಅವರಿಗೇ ಉಳಿದು, ಆ ಮೂಲೆಯಲ್ಲಿ ಕೆಳಗೆ ಫ್ಲೋರ್ ಮಿಲ್ಲು, ಮೇಲೆ ಎರಡು ರೂಮಿನ ಮನೆ ಕಟ್ಟಿಸಿದ್ದರು. “ರಾಗಿ ಬೆಳೆದ ಜಾಗದಾಗೇ ರಾಗಿ ಬೀಸ್ತಾ ಇವ್ನಿ. ನಾನೇನು ಜಾಗ ಬಿಟ್ಟು ಹೋಗಿಲ್ಲ ಸ್ವಾಮಿ” ಎಂದು ನಮ್ಮಪ್ಪನ ಹತ್ತಿರ ಹೇಳುತ್ತಿದ್ದರು. ಹೇಳುತ್ತಿದ್ದರು ಎಂದರೆ ಕೂಗುತ್ತಿದ್ದರು.

ಮಿಲ್ಲು ಬೆಳಗ್ಗೆ ಎಂಟಕ್ಕೆ ಶುರುವಾದರೆ ಸಂಜೆ ಏಳಕ್ಕೇ ನಿಲ್ಲುತ್ತಿದ್ದುದು. ಮಧ್ಯಾಹ್ನ ಊಟಕ್ಕೂ ಬಿಡುವಿಲ್ಲ. ಅವರು ಊಟಕ್ಕೆ ಹೋದರೆ ಅವರ ಹೆಂಡತಿ ಬಂದು ಕೂರುತ್ತಿದ್ದರು. ಅಮಾವಾಸ್ಯೆಯ ದಿನ ಮಾತ್ರ ಯಂತ್ರಕ್ಕೆ ಪೂಜೆ ಮಾಡಿ ರಜೆ ಕೊಡುತ್ತಿದ್ದರು. ಉಳಿದ ದಿನಗಳಲ್ಲಿ ನಮ್ಮ ಮನೆಯ ನೆಲ ಜುಮುಜುಮು ಅನ್ನುತ್ತಿತ್ತು. ಲೋಟದ ನೀರಿನಲ್ಲಿ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು. ನಾವೆಲ್ಲ ಎಷ್ಟು ಜೋರಾಗಿ ಮಾತಾಡುತ್ತಿದ್ದೆವೆಂದರೆ, ನೆಂಟರ ಮದುವೆಗೆ ಹೋದಾಗ ಅಪ್ಪ ಅಮ್ಮ ಜಗಳ ಆಡುತ್ತಿದ್ದಾರೆಂದು ತಿಳಿದು ಯಾರೋ ಬಿಡಿಸಲು ಬಂದಿದ್ದರು. ಪಾಪ, ಅವರು ಹೂರಣದ ರುಚಿಯ ಬಗ್ಗೆ ಮಾತಾಡುತ್ತಿದ್ದರು.

ಅಪ್ಪನಿಗೆ ಆ ಸದ್ದೆಂದರೆ ಆಗದು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ಭಾನುವಾರ ಬಂತೆಂದರೆ ಸೈಕಲ್ ಹತ್ತಿ ಬೇರೆ ಮನೆ ಹುಡುಕಲು ಹೊರಡುತ್ತಿದ್ದರು. “ಗಿರಿನಗರದಲ್ಲಿ ಒಂದು ಮನೆ ಇದೆಯಂತೆ. ಸುತ್ತ ಒಂದು ನರಪಿಳ್ಳೆ ಇಲ್ಲವಂತೆ” ಎಂದು ಕನಸು ಕಾಣುತ್ತಿದ್ದರು.

ಇಷ್ಟು ಗದ್ದಲದ ಮಧ್ಯೆ ನಿದ್ದೆ ಮಾಡಬಲ್ಲವರು ಮುನಿಯಪ್ಪ ಒಬ್ಬರೇ. ಹೊತ್ತುಗೊತ್ತಿಲ್ಲದೆ ಗೋಣಿಚೀಲದ ಮೇಲೆ ಒರಗಿ, ಬಾಯಿ ತೆರೆದು, ಹುಬ್ಬು ಮೀಸೆಯೆಲ್ಲ ಹಿಟ್ಟು ಮೆತ್ತಿಕೊಂಡು, ಯಂತ್ರದ ಮಗ್ಗುಲಲ್ಲೇ ಗೊರಕೆ ಹೊಡೆಯುತ್ತಿದ್ದರು. ಡಬ್ಬ ಹಿಡಿದು ಬಂದ ಹೆಂಗಸರು ಎಷ್ಟು ಕೂಗಿದರೂ ಏಳುತ್ತಿರಲಿಲ್ಲ. ಆದರೆ ಬೆಲ್ಟು ಜಾರಿ ಮಿಲ್ಲು ನಿಂತಿತೋ, ಆ ಕ್ಷಣವೇ ಧಡಕ್ಕನೆ ಎದ್ದು ಕೂತು, “ಯಾವನ್ಲಾ ಅದು ನಿಲ್ಸಿದ್ದು!” ಎಂದು ಅರಚುತ್ತಿದ್ದರು. ನಾವು ಮಹಡಿ ಮೆಟ್ಟಿಲ ಮೇಲೆ ಕೂತು ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಕ್ಕಿದ್ದಷ್ಟೇ, ತಲೆಗೆ ಏನೂ ಹೋಗಲಿಲ್ಲ.

ನಾನು ಎರಡನೇ ಪಿಯುಸಿಯಲ್ಲಿದ್ದ ವರ್ಷ ಶಾರದಕ್ಕ ಹೆರಿಗೆಗೆಂದು ಮನೆಗೆ ಬಂದಳು. ಐದು ತಿಂಗಳಿಗೇ ಬಂದುಬಿಟ್ಟಿದ್ದಳು, ಭಾವನದು ಶಿಫ್ಟಿನ ಕೆಲಸ, ನೋಡಿಕೊಳ್ಳುವವರಿಲ್ಲ ಎಂದು. ಜನವರಿಯಲ್ಲಿ ಹೆಣ್ಣು ಮಗು ಹುಟ್ಟಿತು. ಇನ್ನೂ ಹೆಸರಿಟ್ಟಿರಲಿಲ್ಲ, ಎಲ್ಲರ ಬಾಯಲ್ಲೂ ಪುಟ್ಟಿ. ಬಾಣಂತನಕ್ಕೆ ಅಮ್ಮನ ಅಮ್ಮ ಬಂದಿಳಿದರು. ಅಜ್ಜಿಯ ಬಾಣಂತನವೆಂದರೆ ಮಿಲಿಟರಿ. ಅಗ್ಗಿಷ್ಟಿಕೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ, ಅಕ್ಕನ ತಲೆಗೆ ಬಿಗಿಯಾಗಿ ಸ್ಕಾರ್ಫು, ಕಿವಿಗೆ ಗಾಳಿ ಹೋಗದಂತೆ ಹತ್ತಿ. ಪುಟ್ಟಿಯ ತಲೆಗೂ ಕಿವಿ ಮುಚ್ಚುವ ಹಾಗೆ ಕುಲಾವಿ.

ಪುಟ್ಟಿ ಬಂಗಾರದಂಥ ಮಗು. ಹಗಲೆಲ್ಲ ನಿದ್ದೆ ಮಾಡುತ್ತಿದ್ದಳು. “ಇಷ್ಟು ಗಲಾಟೇಲಿ ಹೇಗಮ್ಮ ಮಲಗತ್ತೆ ಕೂಸು!” ಎಂದು ನೋಡಲು ಬಂದವರೆಲ್ಲ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಸಂಜೆ ಏಳಾದರೆ ಮಾತ್ರ ಕಿಟಾರನೆ ಕಿರುಚಿ ಅಳಲು ಶುರು. ಅಜ್ಜಿಯ ಲೆಕ್ಕ ಸರಳ: ಹಗಲೆಲ್ಲ ಬಂದವರ ದೃಷ್ಟಿ ಸಂಜೆಗೆ ತಾಕುತ್ತದೆ. ಉಪ್ಪು ಮೆಣಸಿನಕಾಯಿ ನೀವಾಳಿಸಿ ಕೆಂಡಕ್ಕೆ ಹಾಕಿ, “ನೋಡಿ, ಘಾಟೇ ಬರಲಿಲ್ಲ. ಎಷ್ಟು ದೃಷ್ಟಿಯಾಗಿತ್ತು!” ಎನ್ನುತ್ತಿದ್ದರು. ನಾವೆಲ್ಲ ಕೆಮ್ಮಿ ಕೆಮ್ಮಿ ಸಾಯುತ್ತಿದ್ದೆವು, ಆ ಮಾತು ಬೇರೆ. ಅಮಾವಾಸ್ಯೆಯ ದಿನವಂತೂ ಪುಟ್ಟಿ ಬೆಳಗಿನಿಂದಲೇ ರಚ್ಚೆ ಹಿಡಿದಳು. ಅಜ್ಜಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ನನಗೆ ಪರೀಕ್ಷೆಯ ಚಿಂತೆ. ಒಂದು ಭಾನುವಾರ ಭಾವ ಬಂದವರು ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಅವರು ಎಂಜಿನ್ ಪರೀಕ್ಷೆ ಮಾಡುವ ಕಾರ್ಖಾನೆಯಲ್ಲಿದ್ದರು. “ನಮ್ಮ ಫ್ಯಾಕ್ಟರೀಲಿ ಹೊಸದಾಗಿ ಕೊಡ್ತಿದ್ದಾರೆ ಕಣೋ. ಎರಡು ಜೊತೆ ತಂದಿದೀನಿ, ಹಾಕ್ಕೊಂಡು ಓದು” ಎಂದರು. ಹೊಸೆದು ಸಣ್ಣ ಮಾಡಬೇಕು, ಕಿವಿಯನ್ನು ಮೇಲಕ್ಕೆ ಎಳೆದು ತೂರಿಸಬೇಕು, ಒಳಗೆ ಅದು ಉಬ್ಬಿಕೊಳ್ಳುವವರೆಗೆ ಬೆರಳಲ್ಲಿ ಹಿಡಿದಿರಬೇಕು ಎಂದು ತೋರಿಸಿಕೊಟ್ಟರು.

ಅಯ್ಯೋ, ಆ ಮೊದಲ ಸಲ! ಇವತ್ತಿಗೂ ಹೇಳಲು ಮಾತು ಸಾಲದು. ಎರಡು ವರ್ಷದಿಂದ ತಲೆಯ ಮೇಲೆ ಕೂತಿದ್ದ ಮಿಲ್ಲು ಮೆಲ್ಲಗೆ ಇಳಿದು ಹೋಯಿತು. ಕಾಲಿನಲ್ಲಿ ಜುಮುಜುಮು ಮಾತ್ರ ಉಳಿಯಿತು. ಆಮೇಲೆ ಎಲ್ಲಿಂದಲೋ ಡುಬ್ ಡುಬ್ ಅಂತ ಒಂದು ಸದ್ದು. ಬಾಗಿಲು ಯಾರು ಬಡಿಯುತ್ತಿದ್ದಾರೆ ಎಂದು ಎದ್ದು ಹೋಗಿ ತೆರೆದೆ. ಯಾರೂ ಇಲ್ಲ. ಅದು ನನ್ನ ಎದೆಯ ಸದ್ದು! ಹದಿನೇಳು ವರ್ಷ ನನ್ನ ಜೊತೆಗೇ ಇದ್ದ ಪ್ರಾಣಿಯನ್ನು ನಾನು ಅವತ್ತೇ ಮೊದಲ ಬಾರಿ ಕೇಳಿದ್ದು. ಮೈ ಜುಮ್ಮೆಂದಿತು. ಉಗುಳು ನುಂಗಿದರೆ ಬಾವಿಗೆ ಕೊಡ ಬಿದ್ದ ಹಾಗೆ. ಚಕ್ಕುಲಿ ಕಡಿದರೆ ತಲೆಬುರುಡೆಯೇ ಒಡೆಯಿತೇನೋ ಎಂದು ಹೆದರಿ, ಉಳಿದದ್ದನ್ನು ಚೀಪಿ ಚೀಪಿ ತಿಂದೆ. ಅವತ್ತು ಒಂದಕ್ಷರ ಓದಲಿಲ್ಲ. ಕಿಟಕಿಯಲ್ಲಿ ನಿಂತು, ಸದ್ದೇ ಇಲ್ಲದೆ ಓಡುವ ಬಸ್ಸು, ಸದ್ದೇ ಇಲ್ಲದೆ ಬೊಗಳುವ ನಾಯಿ ನೋಡುತ್ತಾ ಸಂಜೆ ಮಾಡಿದೆ.

ಬಿರಡೆ ಹಾಕಿಕೊಂಡೇ ಬೀದಿಗೆ ಹೋದದ್ದು ನನ್ನ ತಪ್ಪು. ಹುಡುಗರು ಸುತ್ತುವರಿದು ಏನೋ ಕೇಳಿದರು. ಕೇಳಿಸದೆ ಒಂದನ್ನು ತೆಗೆದೆ.

“ಏನ್ ಗುರು, ಕಿವಿಗೆ ಹತ್ತಿ! ಯಾವಾಗಾಯ್ತು? ಗಂಡೋ ಹೆಣ್ಣೋ?”

“ಹೋಗ್ರೋ ಲೇ!”

“ಮಗಾ, ಬಾಣಂತಿ ಸಿಟ್ಟು ಮಾಡ್ಕೋಬಾರ್ದು, ಹಾಲು ಕೆಡತ್ತೆ!”

ಪರೀಕ್ಷೆ ಮುಗಿಯುವವರೆಗೂ ಆ ಬೀದಿಯಲ್ಲಿ ನನ್ನ ಹೆಸರು ಬಾಣಂತಿ. ಆ ಅವಮಾನದಲ್ಲಿ ಮನೆಗೆ ಬಂದರೆ ಅಜ್ಜಿ ಹಿಡಿದರು. “ಏನೋ ಅದು ಕಿವೀಲಿ, ಅರಿಶಿನದ ಕೊಂಬಿನ ಥರ?” ವಿವರಿಸುವ ತಾಳ್ಮೆ ಇರಲಿಲ್ಲ. “ಫಾರಿನ್ ಹತ್ತಿ ಅಜ್ಜಿ, ತುಂಬಾ ಒಳ್ಳೇದು” ಎಂದುಬಿಟ್ಟೆ. ಅಜ್ಜಿ ಅದನ್ನು ಒತ್ತಿ ನೋಡಿ, ಮೂಸಿ ನೋಡಿ, “ಹೂಂ” ಎಂದರು. ಆ ಹೂಂ ಎಷ್ಟು ದೂರ ಹೋಗುತ್ತದೆಂದು ನನಗೇನು ಗೊತ್ತು?

ಎರಡು ದಿನ ಕಳೆದಿರಬೇಕು. ಬಿರಡೆ ಹಾಕಿಕೊಂಡು ಅಕ್ಕನ ರೂಮಿನಲ್ಲಿ ತೊಟ್ಟಿಲ ಪಕ್ಕ ಕೂತು ಫಿಸಿಕ್ಸ್ ಓದುತ್ತಿದ್ದೆ. ಇದ್ದಕ್ಕಿದ್ದಂತೆ ಅಕ್ಕ ಬೆಚ್ಚಿಬಿದ್ದಳು. ಅಜ್ಜಿ ಎದೆ ಹಿಡಿದುಕೊಂಡರು. ತಿರುಗಿ ನೋಡಿದರೆ ಬಾಗಿಲಲ್ಲಿ ಅಮ್ಮ, ಅವರ ಕಾಲ ಬಳಿ ಹಿತ್ತಾಳೆಯ ದೊಡ್ಡ ಪರಾತ ಇನ್ನೂ ಗಿರಗಿರ ತಿರುಗುತ್ತಿತ್ತು. ನನಗೆ ಒಂದಿಷ್ಟೂ ಕೇಳಿಸಿರಲಿಲ್ಲ. ನಗು ಬಂತು. ಹಾಗೇ ತೊಟ್ಟಿಲ ಕಡೆ ನೋಡಿದೆ. ಪುಟ್ಟಿ ಎಚ್ಚರವಾಗಿಯೇ ಇದ್ದಳು. ಸೂರಿನ ಕಡೆ ನೋಡುತ್ತಾ ಆರಾಮಾಗಿ ಕೈಯಾಡಿಸುತ್ತಿದ್ದಳು.

ಆ ರೂಮಿನಲ್ಲಿ ಬೆಚ್ಚದೆ ಇದ್ದವರು ಇಬ್ಬರೇ. ಕಿವಿಗೆ ಬಿರಡೆ ಹಾಕಿಕೊಂಡ ನಾನು, ಮತ್ತೆ ಅವಳು.

ಕಿವಿಯ ಬಿರಡೆ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ನಾನು ಮೂರ್ನಾಲ್ಕು ದಿನದಿಂದ ಆಟವಾಡುತ್ತಿದ್ದ ಆ ನಿಶ್ಶಬ್ದ ಈ ಮಗುವಿಗೆ ಜೀವನಪೂರ್ತಿಯದಾದರೆ? ನಾನು ಬೇಕೆಂದಾಗ ತೆಗೆಯಬಹುದು. ಅವಳು ಏನನ್ನು ತೆಗೆಯುತ್ತಾಳೆ?

ಯಾರಿಗೂ ಹೇಳಲಿಲ್ಲ. ಅಕ್ಕನಿಗೆ ಹೇಗೆ ಹೇಳುವುದು? ಅವಳು ಅಡುಗೆಮನೆಗೆ, ಬಚ್ಚಲಿಗೆ ಹೋದಾಗಲೆಲ್ಲ ತೊಟ್ಟಿಲ ಬಳಿ ಚಪ್ಪಾಳೆ ತಟ್ಟಿದೆ, ತಟ್ಟೆ ಬಡಿದೆ, ಸೈಕಲ್ಲಿನ ಬೆಲ್ಲು ಬಿಚ್ಚಿ ತಂದು ಬಾರಿಸಿದೆ. ಪುಟ್ಟಿ ನನ್ನನ್ನು ನೋಡಿದರೆ ನೋಡಿದಳು, ಇಲ್ಲದಿದ್ದರೆ ಇಲ್ಲ. ಮಿಲ್ಲು ನಿಂತ ಮೇಲೆ ಪರೀಕ್ಷೆ ಮಾಡಬಹುದಿತ್ತಲ್ಲಯ್ಯ ಎಂದು ನೀವು ಕೇಳಬಹುದು. ಮಿಲ್ಲು ನಿಂತ ಮೇಲೆ ಅವಳು ಅಳುತ್ತಿದ್ದಳಲ್ಲ? ಕಿರುಚಿ ಅಳುವ ಕೂಸಿನ ಪಕ್ಕ ಬೆಲ್ಲು ಬಾರಿಸಿದರೆ ಅಜ್ಜಿ ನನ್ನನ್ನೇ ಕೆಂಡಕ್ಕೆ ಹಾಕುತ್ತಿದ್ದರು. ಅತ್ತು ಸುಸ್ತಾಗಿ, ಹಾಲು ಕುಡಿದು, ಸತ್ತ ಹಾಗೆ ನಿದ್ದೆ.

ಮೂರನೇ ದಿನ ಅಕ್ಕ ಬೆಲ್ಲಿನ ಸಮೇತ ನನ್ನನ್ನು ಹಿಡಿದಳು.

“ಏನೋ ಮಾಡ್ತಿದೀಯ?”

ಸುಳ್ಳು ಹೇಳಲು ನೋಡಿದೆ, ಬದಲು ಅಳು ಬಂತು. ಅಕ್ಕ ಬೆಲ್ಲು ಕಿತ್ತುಕೊಂಡು ತಾನೇ ಬಾರಿಸಿದಳು. ಮತ್ತೆ ಬಾರಿಸಿದಳು. ಆಮೇಲೆ ಮಗುವನ್ನೆತ್ತಿ ಕುಲಾವಿ ಬಿಚ್ಚಿದಳು. ಪುಟ್ಟಿಯ ಎರಡು ಕಿವಿಯಲ್ಲೂ ಕಡಲೆಬೇಳೆಯಷ್ಟು ಹಳದಿ ಚುಕ್ಕೆ!

“ಅಜ್ಜೀ!”

ಅಜ್ಜಿ ನಿಧಾನವಾಗಿ ಬಂದರು. “ಫಾರಿನ್ ಹತ್ತಿ ಕಣೇ. ತುಂಬಾ ಒಳ್ಳೇದಂತೆ, ಇವನೇ ಹೇಳಿದ. ಇವನ ಇನ್ನೊಂದು ಜೊತೆಯಿಂದ ಚೂರು ಹರಿದು ಮೊನ್ನೆಯಿಂದ ಇಡ್ತಿದೀನಿ. ಸ್ನಾನಕ್ಕೆ ಮುಂಚೆ ತೆಗೀತೀನಲ್ಲ.”

ಅಕ್ಕ ಉಗುರಿನ ತುದಿಯಿಂದ ಅವನ್ನು ತೆಗೆದು ನನ್ನ ಮುಖದ ಮೇಲೆಸೆದಳು. ಅಮ್ಮ ನನ್ನ ಬೆನ್ನಿಗೊಂದು ಗುದ್ದಿದರು. ಆ ಗುದ್ದು ನನಗೆಷ್ಟು ಹಿತವಾಗಿತ್ತು ಗೊತ್ತೇ? ಇಷ್ಟೇನಾ! ನನ್ನ ಸುಳ್ಳಿನ ಸ್ಪಂಜು ಅಷ್ಟೇನಾ! ಎಲ್ಲರೂ ಒಟ್ಟಿಗೆ ನಗಲು ಶುರು ಮಾಡಿದೆವು. ಅಕ್ಕ ನಗುತ್ತಲೇ ಬೆಲ್ಲು ಎತ್ತಿ ಮತ್ತೊಮ್ಮೆ ಬಾರಿಸಿದಳು.

ಪುಟ್ಟಿ ರೆಪ್ಪೆ ಕೂಡ ಅಲುಗಿಸಲಿಲ್ಲ.

ಒಬ್ಬೊಬ್ಬರದೇ ನಗು ನಿಂತಿತು. ಅಮ್ಮ ಪರಾತ ತಂದು ಬೇಕೆಂದೇ ಬೀಳಿಸಿದರು. ಅಪ್ಪ ಬಂದು ಚಪ್ಪಾಳೆ ತಟ್ಟಿದರು. ಅಕ್ಕ ತನ್ನ ಕಿವಿಯ ಹತ್ತಿಯನ್ನೂ ಕಿತ್ತೆಸೆದು, “ಪುಟ್ಟೀ, ಪುಟ್ಟೀ” ಎಂದು ಕರೆಯುತ್ತಲೇ ಇದ್ದಳು. ಅಜ್ಜಿ ಮೂಲೆಯಲ್ಲಿ ಕೂತು, “ನಾನು ಹೆಬ್ಬೆಟ್ಟು ಕಣೋ, ನನಗೇನು ಗೊತ್ತು. ನನ್ನ ಕೈಯಿಂದಲೇ ಕೆಟ್ಟೋಯ್ತೇನೋ ಕೂಸಿನ ಕಿವಿ” ಎಂದು ಸೆರಗು ಬಾಯಿಗಿಟ್ಟುಕೊಂಡರು. ಅಜ್ಜಿಯದಲ್ಲ, ನನ್ನದು ತಪ್ಪು ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಭಾವನಿಗೆ ಫೋನ್ ಹೋಯಿತು. ಸೋಮವಾರ ರಜೆ ಹಾಕಿ ಬಂದರು. ಕಿವಿ ಡಾಕ್ಟರಿಗೆ ತೋರಿಸುವುದೆಂದಾಯಿತು. ನಲವತ್ತು ದಿನ ತುಂಬದೆ ಬಾಣಂತಿ ಹೊಸ್ತಿಲು ದಾಟಬಾರದೆಂದು ಹಟ ಹಿಡಿಯಬೇಕಾಗಿದ್ದ ಅಜ್ಜಿ ತಾವೇ ಅಕ್ಕನಿಗೆ ಶಾಲು ಹೊದಿಸಿದರು. ಹನ್ನೊಂದು ಗಂಟೆ. ಆಟೋ ಕೆಳಗೆ ಬಂದು ನಿಂತಿತ್ತು. ಪುಟ್ಟಿ ತೊಟ್ಟಿಲಲ್ಲಿ ಗಾಢ ನಿದ್ದೆಯಲ್ಲಿದ್ದಳು. ಅಕ್ಕ ಎತ್ತಿಕೊಳ್ಳಲು ಬಗ್ಗಿದಳು.

ಆಗ ಕರೆಂಟು ಹೋಯಿತು. ಆ ಬೇಸಿಗೆಯ ಮೊದಲ ಪವರ್ ಕಟ್ಟು. ಕೆಳಗೆ ಮಿಲ್ಲು ಗರ್ರ್ ಎಂದು ತಗ್ಗಿ, ಎರಡು ಸಲ ಬಿಕ್ಕಿ, ನಿಂತೇಹೋಯಿತು.

ಪುಟ್ಟಿ ಎರಡೂ ಕೈ ಚೆಲ್ಲಿ ಬೆಚ್ಚಿಬಿದ್ದಳು. ಕಣ್ಣು ಅಗಲವಾಗಿ ತೆರೆದುಕೊಂಡವು. ತುಟಿ ಸೊಟ್ಟಗಾಯಿತು. ಸಂಜೆ ಏಳರ ಅಳುವನ್ನೇ ಬೆಳಗ್ಗೆ ಹನ್ನೊಂದಕ್ಕೆ ಕಿಟಾರನೆ ಶುರು ಮಾಡಿದಳು.

ಅದೇ ಹೊತ್ತಿಗೆ ಕೆಳಗಿನಿಂದ, “ಯಾವನ್ಲಾ ಅದು ನಿಲ್ಸಿದ್ದು!”

ನನ್ನ ತಲೆಯಲ್ಲಿ ಏನೋ ಛಟ್ಟೆಂದಿತು. ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಕೆಳಗೆ ಓಡಿದೆ. ಮುನಿಯಪ್ಪ ಕಣ್ಣುಜ್ಜಿಕೊಳ್ಳುತ್ತಿದ್ದರು. ನಾನು ಅಳುತ್ತಾ ನಗುತ್ತಾ ಏನೇನೋ ಹೇಳಿದೆ. ಅವರಿಗೆ ಅರ್ಧ ಕೇಳಿಸಲಿಲ್ಲ, ಉಳಿದರ್ಧ ತಿಳಿಯಲಿಲ್ಲ. ಕಾಲು ಗಂಟೆಗೆ ಕರೆಂಟು ಬಂತು, ಮಿಲ್ಲು ತಿರುಗಿತು, ಮೇಲೆ ಅಳು ನಿಂತಿತು. ನಾನು ಅವರ ಕೈ ಹಿಡಿದು, “ಒಂದೇ ಒಂದು ಸಲ ನಿಲ್ಲಿಸಿ ಮುನಿಯಪ್ನೋರೆ, ದಮ್ಮಯ್ಯ” ಎಂದೆ.

“ಓಡೋ ಮಿಲ್ಲ ಯಾವನಾನ ನಿಲ್ಸ್ತಾನಾ ಮರಿ? ಒಳಗೆ ರಾಗಿ ಐತೆ!” ಎಂದರು. ನನ್ನ ಮುಖ ನೋಡಿದರು. ಸ್ವಿಚ್ಚು ಕೆಳಗೆಳೆದರು.

ಮೇಲೆ ಅಳು.

ಸ್ವಿಚ್ಚು ಹಾಕಿದರು. ಅಳು ನಿಂತಿತು. ಡಬ್ಬ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ಮೇಲೆ ನೋಡುತ್ತಿದ್ದರು. ಅಕ್ಕ ಮಗುವನ್ನೆತ್ತಿಕೊಂಡು ಮಹಡಿಯ ಕಟಾಂಜನದ ಬಳಿ ಬಂದು, “ಇನ್ನೊಂದ್ಸಲ!” ಎಂದು ಕೂಗಿದಳು. ಮುನಿಯಪ್ಪ ಇನ್ನೊಂದು ಸಲ ನಿಲ್ಲಿಸಿದರು. ಅವರಿಗೆ ಆಗ ಅರ್ಥವಾಯಿತು. ಹಿಟ್ಟು ಮೆತ್ತಿದ ಕೆನ್ನೆಯ ಮೇಲೆ ಎರಡು ಗೆರೆ ಇಳಿದವು.

“ಅಯ್ಯೋ ನನ್ನವ್ವಾ, ಹೊಟ್ಟೆ ಒಳಗಿಂದ ಕೇಳಸ್ಕಂಡ್ ಬಂದವ್ಳೆ ಕಣೋ. ನಂಗೂ ಹಿಂಗೇ, ಸದ್ದು ನಿಂತ್ರೇ ಎಚ್ರ. ಇವ್ಳು ನಮ್ಮೋಳು!”

ಬಸುರಿಯಾಗಿದ್ದ ಅಕ್ಕ ಆ ಮಿಲ್ಲಿನ ಮೇಲೆ ಉಂಡು, ಕೂತು, ಮಲಗಿದ್ದಳು. ಒಳಗಿದ್ದವಳು ಅದನ್ನೇ ಲೋಕವೆಂದು ತಿಳಿದು ಹೊರಗೆ ಬಂದಿದ್ದಳು. ನಾವು ಶಬ್ದವೆಂದು ಬೈಯುತ್ತಿದ್ದದ್ದು ಅವಳ ನಿಶ್ಶಬ್ದ. ಅದು ನಡೆಯುತ್ತಿರುವವರೆಗೆ ಬೆಲ್ಲು, ಪರಾತ ಯಾವುದೂ ಅವಳನ್ನು ಬೆಚ್ಚಿಸುತ್ತಿರಲಿಲ್ಲ. ನಾವು ‘ಉಸ್ಸಪ್ಪಾ’ ಎಂದು ಕಾಲು ಚಾಚುತ್ತಿದ್ದ ಏಳು ಗಂಟೆಗೆ ಅವಳ ಪ್ರಪಂಚ ಬಿದ್ದುಹೋಗುತ್ತಿತ್ತು. ನಾವು ಮೆಣಸಿನಕಾಯಿ ಸುಡುತ್ತಿದ್ದೆವು. ಇದನ್ನು ನೆನೆದಾಗಲೆಲ್ಲ ನಾನು ಇವತ್ತಿಗೂ ಬೆರಗಾಗುತ್ತೇನೆ.

ಆಟೋ ಬಂದಿತ್ತಲ್ಲ, ಡಾಕ್ಟರಲ್ಲಿಗೂ ಹೋಗಿ ಬಂದರು. ಸದ್ದಿಲ್ಲದ ಕೋಣೆಯಲ್ಲಿ ಅವರು ಪುಟ್ಟ ಗಂಟೆಯೊಂದನ್ನು ಅಲ್ಲಾಡಿಸಿದ್ದೇ ತಡ ಪುಟ್ಟಿ ಕಣ್ಣರಳಿಸಿದಳಂತೆ. “ಕಿವಿ ಸರಿಯಾಗಿದೆ. ಅದರೊಳಗೆ ಏನೂ ಹಾಕಬೇಡಿ” ಎಂದರಂತೆ. ಅಕ್ಕ ಇದನ್ನು ಹೇಳುವಾಗ ನನ್ನ ಕಡೆಯೇ ನೋಡುತ್ತಿದ್ದಳು. ಅಜ್ಜಿಯ ಪಕ್ಕ ಹೋಗಿ ಕೂತು, “ನಾನು ಸುಳ್ಳು ಹೇಳಿದ್ದು ಅಜ್ಜಿ, ಅದು ಹತ್ತಿಯಲ್ಲ” ಎಂದೆ. ಅಜ್ಜಿ ನನ್ನ ಕಿವಿಯನ್ನೇ ಹಿಡಿದು ಚೆನ್ನಾಗಿ ಹಿಂಡಿದರು. ಎಡಗಿವಿ. ಉರಿ ಇಳಿಯಲು ಅರ್ಧ ಗಂಟೆ ಬೇಕಾಯಿತು.

ಅವತ್ತು ಸಂಜೆ ಏಳಕ್ಕೆ ಐದು ನಿಮಿಷ ಇರುವಾಗ ಕೆಳಗಿನಿಂದ ಮುನಿಯಪ್ಪ ಕೂಗಿದರು, “ನಿಲ್ಲಿಸ್ತಾ ಇವ್ನಿ ಸ್ವಾಮೀ, ಮಗೀನ ಎತ್ಕಳೀ!” ಆಮೇಲೆ ನಾವು ಆ ಮನೆ ಬಿಡುವವರೆಗೂ ದಿನಾ ಹಾಗೆ ಕೂಗುತ್ತಿದ್ದರು. ಅವತ್ತು ಮಿಲ್ಲು ತಗ್ಗಿತು, ಬಿಕ್ಕಿತು, ನಿಂತಿತು. ಅಕ್ಕನ ಹೆಗಲ ಮೇಲಿದ್ದ ಪುಟ್ಟಿಯ ತುಟಿ ಸೊಟ್ಟಗಾಗಲು ಶುರುವಾಯಿತು. ಅಜ್ಜಿ ಅಭ್ಯಾಸಬಲದಿಂದ ಉಪ್ಪು ಮೆಣಸಿನಕಾಯಿ ಹಿಡಿದು ಎದ್ದವರು ಅಲ್ಲೇ ನಿಂತರು.

ಅಕ್ಕ ಪುಟ್ಟಿಯ ಕಿವಿಯ ಹತ್ತಿರ ಬಾಯಿಟ್ಟು ಮೆಲ್ಲಗೆ, “ಗುರ್‌ರ್‌ರ್” ಎಂದಳು.

ತುಟಿ ಅರ್ಧಕ್ಕೇ ನಿಂತಿತು. ಅಕ್ಕನ ಉಸಿರು ಮುಗಿಯುವಷ್ಟರಲ್ಲಿ ಅಮ್ಮ ಶುರು ಮಾಡಿದರು. ಭಾವ ತಮ್ಮ ಎಂಜಿನ್ನುಗಳನ್ನೆಲ್ಲ ನೆನೆದುಕೊಂಡು ದಪ್ಪ ದನಿಯಲ್ಲಿ ಸೇರಿಕೊಂಡರು. ಮಿಲ್ಲಿನ ಸದ್ದಿನ ಕಾಟ ತಾಳಲಾರದೆ ಹಿಂದಿನ ದಿನವಷ್ಟೇ ಗಿರಿನಗರದ ಮನೆಗೆ ಹೂಂ ಎಂದು ಬಂದಿದ್ದ ಅಪ್ಪ, ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಎಲ್ಲರಿಗಿಂತ ಜೋರಾಗಿ ಗುರ್‌ರ್ ಎನ್ನುತ್ತಿದ್ದರು. ಹಲ್ಲಿಲ್ಲದ ಅಜ್ಜಿಯ ಬಾಯಲ್ಲಿ ಅದು ಬರೀ ಉರ್‌ರ್ ಆಗಿತ್ತು, ಮುಷ್ಟಿಯಲ್ಲಿ ಮೆಣಸಿನಕಾಯಿ ಹಾಗೇ ಇತ್ತು. ಬಿರಡೆಗಳನ್ನು ಜೇಬಿನಲ್ಲಿಟ್ಟುಕೊಂಡು ನಾನೂ ಅನ್ನುತ್ತಿದ್ದೆ, ದನಿ ಒಡೆದು ಒಡೆದು ಬರುತ್ತಿತ್ತು. ನಮ್ಮೆಲ್ಲರ ಮಧ್ಯೆ ಪುಟ್ಟಿ ಕಣ್ಣು ಬಿಟ್ಟುಕೊಂಡು ಕೇಳಿಸಿಕೊಳ್ಳುತ್ತಿದ್ದಳು.